ಮುಯ್ಯಾಳಿನ ವಾರಗಳು

ಸೋಮವಾರ ಬೆಳಗ್ಗೆ ಮಗಳು ಶಾಂಭವಿಯನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಂದ ಮೇಲೆ ಉಷಾರಾಣಿ ಆ ಮನೆಯಲ್ಲಿ ತಾನಿದ್ದ ಗುರುತನ್ನೆಲ್ಲ ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಳು. ಬಚ್ಚಲಿನ ಗೂಡಿನಲ್ಲಿದ್ದ ಬಾಚಣಿಗೆ, ತಂತಿಯ ಮೇಲೆ ಒಣಗಿದ ಸೀರೆ, ಅಡುಗೆಮನೆ ಕಿಟಕಿಯಲ್ಲಿ ಮರೆತ ಹೇರ್‌ಪಿನ್ನು. ಸಂಜೆ ಮಗಳು ಬಂದಾಗ ಕೈಗೆಟಕುವ ಹಾಗೆ ಕೋಡುಬಳೆ ಡಬ್ಬಿಯನ್ನು ಕೆಳಗಿನ ಗೂಡಿಗೆ ಇಳಿಸಿ, ಒಲೆ ಒರೆಸಿ, ಬಾಗಿಲಿಗೆ ಬೀಗ ಹಾಕಿ, ಬೀಗದಕೈಯನ್ನು ಪಕ್ಕದ ಮನೆಯ ಬಷೀರಾಬಿಯ ಕೈಗೆ ಕೊಟ್ಟು ಭೇರ್ಯದ ಬಸ್ಸು ಹತ್ತುತ್ತಿದ್ದಳು. ಮಧ್ಯಾಹ್ನ ನಂಜುಂಡೇಶ ರೈಸ್‌ಮಿಲ್ಲಿನಿಂದ ಬಂದು ಅದೇ ಬೀಗದಕೈ ತೆಗೆದುಕೊಂಡು ಒಳಗೆ ಹೋಗುತ್ತಿದ್ದ. ಮುಂದಿನ ಸೋಮವಾರ ಅವನು ಹೋಗುವುದು, ಇವಳು ಬರುವುದು. ಮಗಳು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ.

“ನಿಮ್ಮಿಬ್ರದ್ದು ಆಸ್ಪತ್ರೆ ನರ್ಸುಗಳ ಡ್ಯೂಟಿ ಇದ್ದಂಗೆ ಕಣಮ್ಮ,” ಎನ್ನುತ್ತಿದ್ದಳು ಬಷೀರಾಬಿ, ಬೀಗದಕೈಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತ. “ಒಬ್ಬರು ಬರೋದ್ರಾಗೆ ಇನ್ನೊಬ್ಬರು ಮಾಯ.”

“ಪೇಷಂಟು ಹುಷಾರಾಗಿರ್ಲಿ ಅಂತ ತಾನೆ ಬಷೀರಮ್ಮ.”

“ಪೇಷಂಟು ಚೆನ್ನಾಗವ್ಳೆ. ನರ್ಸುಗಳೇ ಸೊರಗ್ತಾವ್ರೆ.”

ನಂಜುಂಡೇಶನಿಗೂ ಉಷಾರಾಣಿಗೂ ವಿಚ್ಛೇದನವಾಗಿ ಎರಡು ವರ್ಷವಾಗುತ್ತ ಬಂದಿತ್ತು. ಊರಿಗೆ ಹೇಳಿಕೊಳ್ಳುವಂಥ ದೊಡ್ಡ ಕಾರಣವೇನೂ ಇರಲಿಲ್ಲ. ಕುಡಿತವಿಲ್ಲ, ಹೊಡೆತವಿಲ್ಲ. ಮಾತು ಕಡಿಮೆಯಾಗುತ್ತ ಕಡಿಮೆಯಾಗುತ್ತ ಕೊನೆಗೆ ಸಾರಿಗೆ ಉಪ್ಪು ಸಾಲದು ಅನ್ನುವುದನ್ನೂ ಮಗಳ ಬಾಯಲ್ಲಿ ಹೇಳಿಸುವಷ್ಟಕ್ಕೆ ಬಂದಿತ್ತು, ಅಷ್ಟೇ. ಇಬ್ಬರೂ ಕೂಡಿ ಒಬ್ಬನೇ ವಕೀಲನ ಹತ್ತಿರ ಹೋದರು. ಪ್ರಭುಸ್ವಾಮಿ ಅಂತ, ಎರಡೂ ಕಡೆಗೆ ದೂರದ ನೆಂಟ. ಬೇರೆ ಬೇರೆ ಇದ್ದುದಕ್ಕೆ ಕಾನೂನು ಕೇಳುವ ಒಂದು ವರ್ಷ ಕಳೆಯುವುದರೊಳಗೆ ಆ ಇಬ್ಬರಿಗಿಂತ ಹೆಚ್ಚು ಸವೆದುಹೋದವಳು ಮಗಳು. ಒಂದು ವಾರ ಕೃಷ್ಣರಾಜನಗರದಲ್ಲಿ ಅಪ್ಪನ ಜೊತೆ, ಒಂದು ವಾರ ಭೇರ್ಯದಲ್ಲಿ ಅಮ್ಮನ ತವರಿನಲ್ಲಿ. ಭೇರ್ಯದ ಮನೆಯಲ್ಲಿ ನಿದ್ದೆಗಣ್ಣಲ್ಲಿ ಎದ್ದು, ಕೃಷ್ಣರಾಜನಗರದ ಮನೆಯ ಬಾಗಿಲು ಯಾವ ದಿಕ್ಕಿಗಿತ್ತೋ ಆ ದಿಕ್ಕಿನ ಗೋಡೆಗೆ ನಡೆದು ಹೋಗುತ್ತಿದ್ದಳು. ಎರಡು ಸಲ ಹಣೆಗೆ ಬುಗುಟೆ ಬಂತು. ಕೃಷ್ಣರಾಜನಗರದಲ್ಲಿ ಇರುವಾಗ ಭೇರ್ಯದ ಬಾಗಿಲಿನ ದಿಕ್ಕಿನ ಗೋಡೆಗೆ.

“ಕೂಸು ಯಾಕ್ರೀ ಓಡಾಡಬೇಕು?” ಅಂದಿದ್ದರು ಪ್ರಭುಸ್ವಾಮಿ. “ತಪ್ಪು ಅದರದ್ದಾ? ಅದು ಒಂದು ಕಡೆ ಇರ್ಲಿ. ನೀವಿಬ್ರೂ ಸರದಿ ಮೇಲೆ ಓಡಾಡಿ. ನಮ್ಮ ಕಾನೂನಲ್ಲಿ ಇಂಥದ್ದಕ್ಕೆ ಹೆಸರಿಲ್ಲ, ಆದ್ರೆ ನೀವು ಒಪ್ಪಿ ಬರಕೊಟ್ರೆ ಕೋರ್ಟು ಬೇಡ ಅನ್ನಲ್ಲ.”

ಹಾಗೆ ಒಂದು ಜಂಟಿ ಮೆಮೋ ತಯಾರಾಯಿತು. ಪ್ರಭುಸ್ವಾಮಿ ಓದಿ ಹೇಳಿದರು. ಜಾಗ ಬದಲಾಗಿ ಮಗುವಿಗೆ ಎರಡು ಸಲ ಪೆಟ್ಟಾದ ಕಾರಣ ಅದು ಎಂದಿಗೂ ಕೃಷ್ಣರಾಜನಗರದ ಮನೆ ಬಿಡತಕ್ಕದ್ದಲ್ಲ. ತಂದೆ ತಾಯಿ ವಾರಕ್ಕೊಬ್ಬರಂತೆ ಇರತಕ್ಕದ್ದು. ಒಬ್ಬರ ವಾರದಲ್ಲಿ ಇನ್ನೊಬ್ಬರು ಅಲ್ಲಿ ತಂಗಕೂಡದು. ಸರದಿ ಬದಲಾಗಬೇಕಾದರೆ ಇಬ್ಬರೂ ಬರೆದು ಸಹಿ ಹಾಕಬೇಕು. ಮನೆ ನಂಜುಂಡೇಶನ ಹೆಸರಿನದು. ತಾಯಿ ಅಲ್ಲಿ ಇರುವುದು ಮಗುವಿನ ಪಾಲನೆಗಾಗಿ ಮಾತ್ರ, ಅದರಿಂದ ಬೇರೆ ಹಕ್ಕು ಹುಟ್ಟುವುದಿಲ್ಲ. ಇಷ್ಟು ಓದಿ ಕನ್ನಡಕ ತೆಗೆದು, “ಇಬ್ರಲ್ಲಿ ಒಬ್ರು ಇನ್ನೊಂದು ಮದುವೆ ಆದ್ರೆ ಹೆಂಗೆ? ಅದನ್ನೂ ಒಂದು ಸಾಲು ಹಾಕ್ಲಾ?” ಅಂತ ಕೇಳಿದರು.

ಇಬ್ಬರಿಗೂ ನಾಚಿಕೆಯಾಯಿತು. ಎಷ್ಟೋ ತಿಂಗಳಿಂದ ಒಬ್ಬರನ್ನೊಬ್ಬರು ನೋಡಿ ನಗದವರು ಅವತ್ತು ನಕ್ಕರು. “ಒಂದೇ ಸಾಕಾಗೈತೆ ಬುಡಿ ಸಾರ್,” ಅಂದ ನಂಜುಂಡೇಶ. ಆ ಸಾಲು ಬೀಳಲಿಲ್ಲ. ನ್ಯಾಯಾಧೀಶರು ಮೆಮೋವನ್ನು ಡಿಕ್ರಿಯ ಜೊತೆ ಸೇರಿಸಿದರು.

ಭೇರ್ಯದಲ್ಲಿ ಉಷಾರಾಣಿಗೆ ಇದ್ದವನು ಅಣ್ಣ ಚನ್ನಬಸವಣ್ಣ. ತನ್ನ ವಾರವಲ್ಲದ ವಾರಗಳಲ್ಲಿ ಅವಳು ಉಣ್ಣುತ್ತಿದ್ದುದು ಅವನ ಮನೆಯಲ್ಲಿ. ಅವನು ಒಂದು ದಿನವೂ ಮುಖ ಸಿಂಡರಿಸಿದವನಲ್ಲ. ಆದರೆ ಅವನದು ಹೊಗೆಸೊಪ್ಪಿನ ಬೇಸಾಯ. ಆಷಾಢ ಕಳೆದು ಸೊಪ್ಪು ಮುರಿಯಲು ಶುರುವಾದರೆ ಅದನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿ ಬೆಂಕಿ ಕೊಡಬೇಕು. ಬ್ಯಾರನ್ನು ಅಂದರೆ ನಾಲ್ಕಾಳೆತ್ತರದ ಗೋಡೆಯ, ಕಿಟಕಿಯಿಲ್ಲದ ಕೋಣೆ. ಹೊರಗಿನಿಂದ ಸೌದೆ ಉರಿಸಿದರೆ ಒಳಗೆ ಕಾವು ಹರಿದು ಸೊಪ್ಪು ಹದವಾಗುತ್ತದೆ. ಒಮ್ಮೆ ಬೆಂಕಿ ಕೊಟ್ಟರೆ ಐದಾರು ದಿನ ಹಗಲು ರಾತ್ರಿ ಒಬ್ಬರಲ್ಲ ಒಬ್ಬರು ಎದ್ದಿರಬೇಕು. ಕಾವು ಏರಿದರೆ ಸೊಪ್ಪು ಕರಕು, ಇಳಿದರೆ ಮಂಕು. ಅತ್ತಿಗೆಗೆ ಉಬ್ಬಸ, ಆ ವಾಸನೆಗೇ ಉಸಿರು ಕಟ್ಟುತ್ತಿತ್ತು. ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಕಾವು ನೋಡಿದವಳು ಉಷಾರಾಣಿ. ಅಣ್ಣ ಬಾಯಿಬಿಟ್ಟು ಇರು ಅನ್ನಲಿಲ್ಲ. ಅವನ ಕೆಂಪಗಾದ ಕಣ್ಣು ನೋಡಿ ಇವಳಿಗೆ ಚೀಲ ಎತ್ತಿಕೊಂಡು ಹೊರಡಲು ಕಾಲು ಬರಲಿಲ್ಲ.

ಒಲೆಯ ಬಾಯಿಯ ಮುಂದೆ ಕೂತೇ ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸಿದಳು. “ರೀ, ಈ ವಾರ ನಂಗೆ ಬರಕ್ಕಾಗಲ್ಲ ಕಣ್ರೀ. ಬ್ಯಾರನ್ನಿಗೆ ಬೆಂಕಿ ಕೊಟ್ಟವ್ರೆ. ನೀವೇ ಇದ್ದುಬುಡಿ.”

ಅವನು ಮಾತು ತುಂಬಿ ಕಳಿಸುವವನಲ್ಲ, ಅವನಿಗೆ ಅದು ಬರುತ್ತಲೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ಮಾಡಿದ. “ಆಯ್ತು ಬುಡು, ನಾನ್ ನೋಡ್ಕತೀನಿ. ಭತ್ತದ ಕಾಲ್ದಾಗೆ ನಂಗೂ ಮಿಲ್ಲಲ್ಲಿ ಪುರುಸೊತ್ತಿರಕಿಲ್ಲ. ಆಗ ನೀನು ಇದ್ದರಾಯ್ತು.”

“ಮುಯ್ಯಾಳು ಅಂದ್ಕಳಿ.”

“ಊ, ಮುಯ್ಯಾಳೇ.”

ಅಷ್ಟಕ್ಕೆ ಆ ಮಾತು ಮುಗಿಯಿತು. ಅಷ್ಟಕ್ಕೆ ಮುಗಿಯುವ ಮಾತೇ ಅದು. ನನ್ನ ಗದ್ದೆ ನಾಟಿಗೆ ನೀನು ಬಾ, ನಿನ್ನ ಗದ್ದೆ ನಾಟಿಗೆ ನಾನು ಬರುತ್ತೇನೆ, ಕೂಲಿಯಿಲ್ಲ, ಕರಾರಿಲ್ಲ. ಆ ಸೀಮೆಯಲ್ಲಿ ಅಣ್ಣತಮ್ಮಂದಿರು ಬದುವಿಗೆ ಬಡಿದಾಡಿದ್ದುಂಟು, ನೀರಿಗೆ ತಲೆ ಒಡೆದುಕೊಂಡಿದ್ದುಂಟು. ಮುಯ್ಯಾಳಿಗೆ ಬಂದವರ ದಿನವನ್ನು ಇಲ್ಲ ಅಂದವರನ್ನು ಉಷಾರಾಣಿ ಕಂಡಿರಲಿಲ್ಲ. ಅದನ್ನು ಬರೆದುಕೊಡು ಅನ್ನುವುದು ಮುಖಕ್ಕೆ ಉಗಿದ ಹಾಗೆ. ಪ್ರಭುಸ್ವಾಮಿ ಓದಿ ಹೇಳಿದ್ದ ಸಹಿಯ ಮಾತು ಅವಳಿಗೆ ನೆನಪಾಗಲಿಲ್ಲ ಅಂತಲ್ಲ. ನೆನಪಾಯಿತು. ಮಗಳ ಅಪ್ಪನ ಕೈಲಿ ಅದಕ್ಕೂ ಸಹಿ ಹಾಕಿಸುವುದೇ ಅಂದುಕೊಂಡು ಸೌದೆ ಒಳಗೆ ತಳ್ಳಿದಳು.

ಒಂದು ವಾರ ಅಂದದ್ದು ಆ ಕಾಲಕ್ಕೆ ನಾಲ್ಕು ವಾರವಾಯಿತು. ಪ್ರತಿಸಲವೂ ಅವಳು ಮಾತು ತುಂಬಿ ಕಳಿಸುತ್ತಿದ್ದಳು, ಪ್ರತಿಸಲವೂ ಅವನು ಫೋನು ಮಾಡಿ ಆಯ್ತು ಅನ್ನುತ್ತಿದ್ದ. ಸಂಜೆ ಮಗಳ ಜೊತೆ ವಿಡಿಯೋದಲ್ಲಿ ಮಾತಾಡುವಾಗ, “ಅಮ್ಮ, ನಿನ್ ಮುಖ ಪೂರ್ತಿ ಮಸಿ,” ಅಂತ ಅವಳು ನಗುತ್ತಿದ್ದಳು. “ಬೆಂಕಿ ಆರಿದ್ ಮೇಲೆ ಬತ್ತೀಯಲ್ಲ?” “ಬತ್ತೀನಿ ಕಣ್ ಮಗ, ಆರಿದ್ ತಕ್ಷಣ.”

ಭತ್ತ ಬಂತು. ಕಾವೇರಿ ಬಯಲಿನ ಭತ್ತವೆಲ್ಲ ಒಟ್ಟಿಗೆ ಮಿಲ್ಲಿಗೆ ಬಂದು ಬಿದ್ದಾಗ ನಂಜುಂಡೇಶ ಹೇಳಿದ ಹಾಗೆಯೇ ಅವನಿಗೆ ಪುರುಸೊತ್ತಿಲ್ಲದಾಯಿತು. “ಉಷಾ, ಈ ವಾರ ನೀನೇ ಇರು,” ಅಂತ ಫೋನು. ಅವಳು ಇದ್ದಳು. ತನ್ನ ವಾರ, ಅವನ ವಾರ, ಮತ್ತೆ ತನ್ನ ವಾರ. ಪಡೆದದ್ದನ್ನು ಹಿಂದಕ್ಕೆ ಕೊಡುವುದರಲ್ಲಿ ಅವಳಿಗೆ ಒಂದು ಹಗುರ ಇತ್ತು. ಒಂದು ವಾರ ಹೆಚ್ಚೇ ಇದ್ದಳು.

ಮಿಲ್ಲಿನಲ್ಲಿ ಅವನು ಮಲಗುತ್ತಿದ್ದ ರೂಮಿನಲ್ಲೂ ಚೀಲ ಪೇರಿಸಿದ್ದರು. ಹೊತ್ತಲ್ಲದ ಹೊತ್ತಿಗೆ ಬಂದು ಮನೆಯ ಪಡಸಾಲೆಯಲ್ಲಿ ಮೈಮೇಲೆಲ್ಲ ತೌಡಿನ ಧೂಳಿನ ಸಮೇತ ಉರುಳಿಕೊಳ್ಳುತ್ತಿದ್ದ. ಅವಳು ರೂಮಿನಲ್ಲಿ ಮಗಳ ಪಕ್ಕ. ತಟ್ಟೆಯಲ್ಲಿ ಮುದ್ದೆ, ಬಟ್ಟಲಲ್ಲಿ ಬಸ್ಸಾರು ಮುಚ್ಚಿಟ್ಟಿರುತ್ತಿದ್ದಳು. ಬೆಳಗ್ಗೆ ತಟ್ಟೆ ತೊಳೆದು ಬೋರಲು ಹಾಕಿರುತ್ತಿತ್ತು. ಮಾತು ಅಷ್ಟೇ. ಆದರೆ ಶಾಂಭವಿ ಅಂಥ ಬೆಳಗುಗಳಲ್ಲಿ ಎದ್ದವಳೇ ಮೊದಲು ಪಡಸಾಲೆಗೆ ಓಡಿ ಅಪ್ಪ ಇದ್ದಾನೋ ನೋಡಿ, ಮತ್ತೆ ಅಡುಗೆಮನೆಗೆ ಓಡಿಬಂದು, “ಇವತ್ತು ಇಬ್ಬರ ವಾರ,” ಅನ್ನುತ್ತಿದ್ದಳು. ಅವಳೇ ಇಟ್ಟ ಹೆಸರು. ಅದನ್ನು ತಿದ್ದಬೇಕು ಅಂತ ಉಷಾರಾಣಿಗೆ ಅನ್ನಿಸುತ್ತಿತ್ತು. ತಿದ್ದಲಿಲ್ಲ. ಮಗು ನಿದ್ದೆಯಲ್ಲಿ ಗೋಡೆಗೆ ನಡೆಯುವುದು ನಿಂತು ಎಷ್ಟೋ ದಿನವಾಗಿತ್ತು.

ಯುಗಾದಿ ಕಳೆದ ಮೇಲೆ ಒಂದು ಸೋಮವಾರ ಬಷೀರಾಬಿಯ ಹತ್ತಿರ ಬೀಗದಕೈ ಇರಲಿಲ್ಲ. ನಂಜುಂಡೇಶ ಮನೆಯಲ್ಲೇ ಇದ್ದ. ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಇವಳಿಗಾಗಿ ಕಾದಿದ್ದ. ಬಿಳಿ ಶರಟು ಹಾಕಿದ್ದ, ಗಡ್ಡ ಹೆರೆದಿದ್ದ.

“ಕೂತ್ಕ ಉಷಾ.”

ಅವಳು ನಿಂತೇ ಇದ್ದಳು. ಕೈಯಲ್ಲಿ ಚೀಲ, ಚೀಲದಲ್ಲಿ ಮಗಳಿಗೆ ಅಂತ ತಂದ ಹುರಿಗಡಲೆ ಉಂಡೆ.

“ಮಿರ್ಲೆ ಕಡೆ ಒಂದು ಸಂಬಂಧ ಬಂದೈತೆ. ಪುಷ್ಪಾ ನೋಡಿದ್ದು.” ಪುಷ್ಪಾ ಅವನ ತಂಗಿ, ಗಂಡನನ್ನು ಕಳೆದುಕೊಂಡು ಅಲ್ಲೇ ಮಿರ್ಲೆಯಲ್ಲಿ ಇದ್ದವಳು. “ಅವರು ಒಳ್ಳೆ ಜನ. ಆದ್ರೆ ಮೊದಲ್ನೋಳು ವಾರ ಬಿಟ್ಟು ವಾರ ಬಂದು ಇರೋ ಮನೇಗೆ ನಮ್ಮ ಹುಡುಗೀನ ಹೆಂಗೆ ಕೊಡೋದು ಅಂತಾವ್ರೆ. ಅವರು ಕೇಳೋದ್ರಾಗೂ ತಪ್ಪಿಲ್ಲ.”

“ತಪ್ಪಿಲ್ಲ,” ಅಂದಳು ಅವಳು. ಅವನು ಮದುವೆಯಾಗುವುದು ಅವಳಿಗೆ ಚುಚ್ಚಲಿಲ್ಲ. ಚುಚ್ಚಬಹುದು ಅಂತ ಒಂದು ಗಳಿಗೆ ಕಾದು ನೋಡಿದಳು. “ಅಂಗಾದ್ರೆ ನಾನು ಶಾಂಭವೀನ ಕರ್ಕೊಂಡೋಯ್ತೀನಿ. ಇಲ್ಲೇ ಎಲ್ಲಾದ್ರೂ ಬಾಡಿಗೆಗೆ ಇರ್ತೀನಿ. ಸ್ಕೂಲೂ ತಪ್ಪಕಿಲ್ಲ.”

“ಅದು ಹೆಂಗಾಯ್ತದೆ? ಅವ್ಳು ಮನೆ ಬಿಡಬಾರದು ಅಂತ ತಾನೆ ಅಷ್ಟೆಲ್ಲ ಬರ್ಸಿದ್ದು? ಅವ್ಳು ಇಲ್ಲೇ ಇರ್ಲಿ. ಪುಷ್ಪಾನೂ ಬಂದು ಇರ್ತಾಳೆ. ನೀನು ಬಂದು ನೋಡ್ಕಂಡು ಹೋಗು. ನಾನೇನು ಬ್ಯಾಡ ಅಂತೀನಾ?”

“ನಾನು ನೋಡ್ಕಂಡು ಹೋಗಕ್ಕೆ ನೆಂಟಳಾ?”

ಅವನು ಎದ್ದು ಬೀಗದಕೈಯನ್ನು ಕಲ್ಲಿನ ಮೇಲಿಟ್ಟು ಹೋದ. ಅದು ಅವಳ ವಾರವಾಗಿತ್ತು. ಆ ವಾರ ಮುಗಿಯುವ ಮೊದಲೇ, ಮಗಳು ತನ್ನ ವಶದಲ್ಲೇ ಇರಲಿ ಅಂತ ಅವನು ಹಾಕಿದ ಅರ್ಜಿಯ ಮೇಲೆ ಕೋರ್ಟಿನ ನೋಟೀಸು ಬಂತು.

ಪ್ರಭುಸ್ವಾಮಿ ಕೈ ಚೆಲ್ಲಿದರು. ಇಬ್ಬರ ವಕೀಲನಾಗಿದ್ದವನು ಈಗ ಒಬ್ಬರ ಪರ ನಿಲ್ಲುವ ಹಾಗಿಲ್ಲ ಅಂದರು. ಅದು ಸರಿಯಾದ ಮಾತೇ. ನಂಜುಂಡೇಶ ಮೈಸೂರಿನ ವಕೀಲರೊಬ್ಬರನ್ನು ಹಿಡಿದಿದ್ದ. ಬಷೀರಾಬಿ ತನ್ನ ಅಣ್ಣನ ಮಗಳು ಜೋಯಾಳ ಹತ್ತಿರ ಉಷಾರಾಣಿಯನ್ನು ಕರೆದುಕೊಂಡು ಹೋದಳು. ಜೋಯಾ ವಕೀಲೆಯಾಗಿ ನಾಲ್ಕೈದು ವರ್ಷವಾಗಿತ್ತು. ನೋಟೀಸನ್ನು ಎರಡು ಸಲ ಓದಿದಳು.

“ಅಕ್ಕ, ನಾಲ್ಕು ವಾರ ತಾಯಿ ಮಗೂನ ಬಿಟ್ಟು ಹೋಗಿದ್ರು ಅಂತ ಹಾಕಿದ್ದಾರೆ. ನಿಮ್ಮ ವಾಯ್ಸ್ ಮೆಸೇಜುಗಳನ್ನ ಕೊಟ್ಟಿದ್ದಾರೆ. ನೀವು ಕಳಿಸಿದ್ದು ನಿಜವಾ?”

“ನಿಜ. ಆದ್ರೆ ಆ ವಾರ ಎಲ್ಲಾ ತೀರಿಸಿದೀನಿ. ಒಂದು ಹೆಚ್ಚೇ ಇದ್ದೆ.”

“ಇರಿ ಅಂತ ಅವರು ಮೆಸೇಜು ಕಳಿಸಿದ್ರಾ?”

“ಫೋನು ಮಾಡೋರು.”

“ಮಾತಾಡಿದ್ದು ಅಂತ ಕಾಣುತ್ತೆ, ಏನು ಮಾತಾಡಿದ್ರಿ ಅಂತ ಕಾಣಲ್ಲ.” ಜೋಯಾ ಪೆನ್ನನ್ನು ಕೆಳಗಿಟ್ಟಳು. “ನೋಡಿ ಅಕ್ಕ, ನೀವು ವಾರ ತೀರಿಸಿದ್ದಕ್ಕೆ ಸಾಕ್ಷಿ ನಮ್ಮ ಅತ್ತೆ. ಬೀಗದಕೈ ಅವರ ಹತ್ರ ಇರ್ತಿತ್ತು. ಆದ್ರೆ ಕೋರ್ಟಲ್ಲಿ ಅವರನ್ನ ಕೇಳ್ತಾರೆ, ಆ ವಾರಗಳಲ್ಲಿ ಗಂಡನೂ ಅಲ್ಲೇ ಮಲಗ್ತಿದ್ದನಾ ಅಂತ.”

ಬಷೀರಾಬಿ ಸೆರಗು ಸರಿಮಾಡಿಕೊಂಡಳು. “ಮಲಗ್ತಿದ್ದ. ನಾನು ಸುಳ್ಳು ಹೇಳಲ್ಲ ಕಣೇ.”

“ಹೇಳಬೇಡಿ. ಆದ್ರೆ ಇಬ್ಬರೂ ಒಟ್ಟಿಗೆ ತಂಗಕೂಡದು ಅಂತ ಮೆಮೋದಲ್ಲಿದೆ. ತೀರಿಸಿದೆ ಅಂತ ಹೇಳಿದ್ರೆ ಮೆಮೋ ಮುರಿದೆ ಅಂತ ಒಪ್ಪಿದಂಗೆ. ಹೇಳದೆ ಇದ್ರೆ ಮಗೂನ ಬಿಟ್ಟು ಹೋದೋರು ನೀವು.”

“ಅವರೂ ಇದ್ರಲ್ಲ ಜೋಯಾ. ಅವರೂ ಮುರಿದಂಗೆ ತಾನೆ?”

“ಹೌದು. ಇಬ್ಬರೂ ಮುರಿದ್ರು ಅಂದ್ರೆ ಮೆಮೋ ಬಿದ್ದೋಗುತ್ತೆ. ಬಿದ್ದೋದ್ರೆ ಮನೆ ಅವರದ್ದು. ನೀವು ಆ ಹೊಸಲು ದಾಟ್ತಾ ಇದ್ದಿದ್ದೇ ಮೆಮೋ ಮೇಲೆ.”

“ಮಗಳ್ನ ನಂಗೆ ಕೊಡಿ ಅಂತ ಕೇಳಿ. ಮನೆ ಯಾರಿಗೆ ಬೇಕು?”

ಜೋಯಾ ಮೆಮೋದ ಪ್ರತಿಯನ್ನು ಮುಂದಕ್ಕೆಳೆದುಕೊಂಡಳು. “ಕೇಳ್ತೀನಿ ಅಕ್ಕ. ಗಟ್ಟಿಯಾಗೇ ಕೇಳ್ತೀನಿ. ಹೆಣ್ಣುಮಗು, ಅಪ್ಪ ಇನ್ನೊಂದು ಮದುವೆ ಆಗ್ತಿದ್ದಾರೆ, ಅದೆಲ್ಲ ನಮ್ಮ ಕಡೆ ಇದೆ. ಆದ್ರೆ ಈ ಮಗು ಜಾಗ ಬದಲಾದ್ರೆ ತಡಕೊಳ್ಳಲ್ಲ, ಎರಡು ಸಲ ಹಣೆ ಒಡಕೊಂಡಿದೆ ಅಂತ ಮೆಮೋದಲ್ಲೇ ಬರೆದಿದೆ. ಅದರ ಕೆಳಗೆ ನಿಮ್ಮ ಸಹಿ ಇದೆ.”

ಬಸ್ ಸ್ಟ್ಯಾಂಡಿನವರೆಗೆ ಬಷೀರಾಬಿ ಜೊತೆಗೇ ನಡೆದು ಬಂದಳು. “ಅವನು ಹೇಳ್ತಾನೆ ಬುಡು,” ಅಂದಳು. “ಜಡ್ಜು ಮುಖ ನೋಡಿ ಕೇಳಿದ್ರೆ ಹೇಳ್ತಾನೆ. ಕೆಟ್ಟೋನಲ್ಲ.” ಉಷಾರಾಣಿಗೂ ಒಳಗೆ ಇದ್ದದ್ದು ಅದೇ. ಕೆಟ್ಟವನಲ್ಲ. ಬೇರೆ ಏನನ್ನಾದರೂ ಇಲ್ಲ ಅಂದಾನು, ಮುಯ್ಯಾಳನ್ನು ಇಲ್ಲ ಅನ್ನಲಾರ.

ಕೋರ್ಟಿನ ದಿನ ಬಂತು, ಮುಂದಕ್ಕೆ ಹೋಯಿತು, ಮತ್ತೆ ಬಂತು. ನ್ಯಾಯಾಧೀಶರು ಒಂದು ದಿನ ಶಾಂಭವಿಯನ್ನು ತಮ್ಮ ಕೋಣೆಗೆ ಕರೆಸಿಕೊಂಡು ಒಬ್ಬಳನ್ನೇ ಮಾತಾಡಿಸಿದರು. ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಚಾಕೊಲೇಟಿತ್ತು, ಬಿಚ್ಚಿರಲಿಲ್ಲ. ಏನು ಕೇಳಿದರು, ಏನು ಹೇಳಿದೆ ಅಂತ ಉಷಾರಾಣಿ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಸಾಕ್ಷಿಯ ದಿನ ಅವಳ ಧ್ವನಿಯನ್ನು ಎಲ್ಲರ ಮುಂದೆ ಹಾಕಿದರು. ಒಲೆಯ ಸದ್ದು, ಸೌದೆ ಚಟಚಟ ಅನ್ನುವುದು, ಅದರ ನಡುವೆ ತನ್ನದೇ ದನಿ: ಈ ವಾರ ನಂಗೆ ಬರಕ್ಕಾಗಲ್ಲ ಕಣ್ರೀ. ಮತ್ತೊಂದು: ಈ ವಾರಾನೂ ಆಗಲ್ಲ ಕಣ್ರೀ, ನೀವೇ ಇದ್ದುಬುಡಿ. ಹೊರಗಿನಿಂದ ಕೇಳಿದರೆ ಯಾರೋ ಬೇರೆ ಹೆಂಗಸು, ಮಗಳ ಮೇಲೆ ಲಕ್ಷ್ಯವಿಲ್ಲದವಳು, ಮಾತಾಡಿದ ಹಾಗಿತ್ತು. ಉಷಾರಾಣಿ ಕಟಕಟೆಯ ಮರ ಹಿಡಿದುಕೊಂಡಳು.

ಬಷೀರಾಬಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಆ ಹುಡುಗಿ ಇವನ ವಾರಾನೂ ಮಾಡಿದ್ಲು ಸಾಮಿ.” ಮೈಸೂರಿನ ವಕೀಲರು ಬಹಳ ಮೆತ್ತಗೆ, “ಆಗ ಇವರೂ ರಾತ್ರಿ ಮನೆಗೆ ಬರ್ತಿದ್ರಾ ಅಮ್ಮ?” ಅಂತ ಕೇಳಿದರು. “ಬರ್ತಿದ್ದ.” “ಇಬ್ಬರೂ ಒಂದೇ ಮನೇಲಿ ಮಲಗ್ತಿದ್ರು.” “ಅವನು ಪಡಸಾಲೇಲಿ ಕಣಪ್ಪ,” ಅಂದಳು ಬಷೀರಾಬಿ. ಯಾರೋ ಹಿಂದೆ ನಕ್ಕರು. ಅವಳು ತಿರುಗಿ ನೋಡಿದಳು. ನಗು ನಿಂತಿತು, ಆದರೆ ಹೇಳಿದ್ದು ದಾಖಲಾಗಿತ್ತು.

ಆಮೇಲೆ ನಂಜುಂಡೇಶ. ಜೋಯಾ ಹೆಚ್ಚು ಸುತ್ತಿಸಲಿಲ್ಲ. “ನಿಮ್ಮ ಹೆಂಡತಿ, ಅಂದ್ರೆ ಹಿಂದೆ ಹೆಂಡತಿಯಾಗಿದ್ದವರು, ನಾಲ್ಕು ವಾರ ಬಿಟ್ಟಿದ್ದನ್ನ ಭತ್ತದ ಕಾಲದಲ್ಲಿ ನಿಮಗೆ ವಾಪಸ್ ತೀರಿಸಿದ್ರು. ಇದು ನಿಮ್ಮಿಬ್ಬರ ನಡುವೆ ಆದ ಮಾತು. ಹೌದಾ, ಅಲ್ಲವಾ?”

ಅವನು ನೆಲ ನೋಡಿದ. ಆಮೇಲೆ ತನ್ನ ವಕೀಲರನ್ನು ನೋಡಿದ. ಉಷಾರಾಣಿ ಅವನನ್ನೇ ನೋಡುತ್ತಿದ್ದಳು. ಅವನ ಕತ್ತಿನ ಹಿಂದೆ ತೌಡಿನ ಧೂಳಿಗೆ ಎದ್ದ ಹಳೆಯ ಗಂದೆ ಕೆಂಪಗಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದನ್ನು ಅವನು ಯಾವತ್ತೂ ಮರೆಯುತ್ತಿದ್ದ.

“ಬಂದು ಹೋಗಿ ಮಾಡ್ತಿದ್ಲು,” ಅಂದ ಅವನು.

“ಅದಲ್ಲ ಕೇಳಿದ್ದು. ವಾರ ತೀರಿಸಿದ್ರಾ?”

“ಬಂದು ಹೋಗಿ ಮಾಡ್ತಿದ್ಲು ಮೇಡಂ. ನನಗೆ ಅಷ್ಟೇ ಗೊತ್ತು.”

ಸುಳ್ಳು ಅಂತ ಅದನ್ನು ಯಾರೂ ಹಿಡಿಯುವ ಹಾಗಿರಲಿಲ್ಲ. ಮದುವೆ ಮುರಿದಾಗಲೂ ಅವನು ಉಷಾರಾಣಿಗೆ ಅಪರಿಚಿತನಾಗಿರಲಿಲ್ಲ. ಈಗ ಆದ.

ಆದೇಶವನ್ನು ನ್ಯಾಯಾಧೀಶರು ದನಿ ಎತ್ತದೆ ಓದಿದರು. ಕೆಟ್ಟ ಮನುಷ್ಯರಾಗಿರಲಿಲ್ಲ, ಓದುವಾಗ ಒಮ್ಮೆ ನಿಲ್ಲಿಸಿ ನೀರು ಕುಡಿದರು. ಎರಡೂ ಕಡೆಯವರು ತಾವೇ ಬರೆದುಕೊಂಡದ್ದನ್ನು ಪಾಲಿಸಿಲ್ಲ. ಅವರು ಪಾಲಿಸದ ಏರ್ಪಾಡನ್ನು ನ್ಯಾಯಾಲಯ ಮುಂದುವರಿಸುವುದು ಸಾಧ್ಯವಿಲ್ಲ. ಮಗುವನ್ನು ಅದು ಬೆಳೆದ ಮನೆಯಿಂದ, ಶಾಲೆಯಿಂದ ಈಗ ಕದಲಿಸುವುದು ಹಿತವಲ್ಲ. ಮುಂದಿನ ಆದೇಶದವರೆಗೆ ಮಗು ತಂದೆಯ ವಶದಲ್ಲಿ, ಅದೇ ಮನೆಯಲ್ಲಿ. ತಾಯಿ ಪ್ರತಿ ಭಾನುವಾರ ಮಧ್ಯಾಹ್ನದಿಂದ ಸಂಜೆಯವರೆಗೆ ಅಲ್ಲಿಗೆ ಬಂದು ನೋಡಬಹುದು. ರಾತ್ರಿ ತಂಗುವಂತಿಲ್ಲ.

“ಮೇಲಕ್ಕೆ ಹೋಗೋಣ ಅಕ್ಕ,” ಅಂದಳು ಜೋಯಾ ಮೆಟ್ಟಿಲಿಳಿಯುತ್ತ. ಅವಳ ಕಣ್ಣಲ್ಲೂ ನೀರಿತ್ತು. “ಹೈಕೋರ್ಟಿದೆ. ವರ್ಷ ಹಿಡೀಬಹುದು, ಎರಡು ಹಿಡೀಬಹುದು.”

“ಅಷ್ಟೊತ್ತಿಗೆ ಆ ಮನೆ ಅವಳಿಗೆ ಇನ್ನೂ ಎರಡು ವರ್ಷ ಹೆಚ್ಚು ರೂಢಿಯಾಗಿರ್ತದಲ್ಲ ಜೋಯಾ.”

ಅಪೀಲು ಹಾಕಿ ಅಂದಳು ಉಷಾರಾಣಿ, ಹಾಕಿಬುಡಿ. ಹಾಕದೆ ಇರುವುದಕ್ಕೂ ಅವಳಿಗೆ ಆಗುತ್ತಿರಲಿಲ್ಲ.

ಭೇರ್ಯದಲ್ಲಿ ಅಣ್ಣ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. “ನನ್ ಸೊಪ್ಪು ಹಾಳಾಗೋಗಿದ್ರೂ ಆಯ್ತಿತ್ತು,” ಅಂದ ಕೊನೆಗೆ, ಜಗುಲಿಯ ಕಂಬಕ್ಕೆ ಒರಗಿ. “ನಿಂಗೆ ಹೋಗು ಅಂತ ನಾನು ಬಾಯಿಬುಟ್ಟು ಹೇಳಬೇಕಾಗಿತ್ತು.”

“ನೀನು ಹೇಳಿದ್ರೂ ನಾನು ಹೋಯ್ತಿರಲಿಲ್ಲ ಕಣಣ್ಣ.”

ನಿಜವೇ ಅದು. ಮತ್ತೆ ಅದೇ ರಾತ್ರಿ, ಅದೇ ಬೆಂಕಿ, ಅದೇ ಕೆಂಪು ಕಣ್ಣು ಎದುರಿಗಿದ್ದರೆ ಮತ್ತೆ ಹಾಗೆಯೇ ಮಾಡುತ್ತಿದ್ದಳು. ಬೇರೆ ಥರ ಮಾಡುವುದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಎದೆಯಲ್ಲಿ ಹಿಡಿದುಕೊಳ್ಳುವುದಕ್ಕೆ ಏನೂ ಸಿಗುತ್ತಿರಲಿಲ್ಲ, ಪಶ್ಚಾತ್ತಾಪವೂ.

ಮೊದಲ ಭಾನುವಾರ ಬಾಗಿಲು ತೆಗೆದವಳು ಪುಷ್ಪಾ. ಮದುವೆಗೆ ಇನ್ನೂ ಒಂದು ತಿಂಗಳಿತ್ತು. ಮಗುವನ್ನು ನೋಡಿಕೊಳ್ಳಲು ಅವಳು ಮಿರ್ಲೆಯಿಂದ ಬಂದು ಇದ್ದಳು. ನಂಜುಂಡೇಶ ಬೇಕೆಂದೇ ಹೊರಗೆ ಹೋಗಿದ್ದ.

“ಬನ್ನಿ ಅತ್ತಿಗೆ,” ಅಂದು ನಾಲಿಗೆ ಕಚ್ಚಿಕೊಂಡಳು. “ಕೂತ್ಕಳಿ. ಕಾಫಿ ತತ್ತೀನಿ.”

ಪಡಸಾಲೆಯಲ್ಲಿ ಹೊಸ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಉಷಾರಾಣಿ ಒಂದರ ತುದಿಯಲ್ಲಿ ಕೂತಳು. ಶಾಂಭವಿ ರೂಮಿನಿಂದ ಬಂದು ಎದುರಿಗೆ ನಿಂತಳು. ಓಡಿಬರಲಿಲ್ಲ. ಹಸಿರು ಫ್ರಾಕು ಹಾಕಿದ್ದಳು. ತಲೆಗೆ ಎರಡು ಜಡೆ ಬಿಗಿಯಾಗಿ ಹಾಕಿ ಮಡಚಿ ಕಟ್ಟಿದ್ದರು. ಹಣೆಯ ಚರ್ಮ ಎಳೆದ ಹಾಗಿತ್ತು.

“ಊಟ ಮಾಡ್ದಾ ಮಗ?”

“ಊ. ಚಿತ್ರಾನ್ನ.”

“ಸ್ಕೂಲಲ್ಲಿ ಏನ್ ಹೇಳ್ಕೊಟ್ರು?”

“ಭಾಗಾಕಾರ.”

ಮತ್ತೆ ಏನು ಕೇಳಬೇಕೋ ಉಷಾರಾಣಿಗೆ ತಿಳಿಯಲಿಲ್ಲ. ಈ ಮಗುವಿಗೆ ಅವಳು ಎಂದೂ ಪ್ರಶ್ನೆ ಕೇಳಿ ಮಾತಾಡಿಸಿದವಳಲ್ಲ. ಕೆಲಸ ಮಾಡುತ್ತ ಮಾತು ತಾನಾಗಿ ಬರುತ್ತಿತ್ತು, ತರಕಾರಿ ಹೆಚ್ಚುತ್ತ, ಬಟ್ಟೆ ಮಡಚುತ್ತ. ಈಗ ಮಾಡಲು ಕೆಲಸವಿರಲಿಲ್ಲ. ಒಳಗೆ ಹಾಲು ಉಕ್ಕುವ ವಾಸನೆ ಬಂತು. ಅವಳ ಮೈ ತಾನಾಗಿ ಏಳಲು ಹೋಗಿ, ಅರ್ಧಕ್ಕೆ ನಿಂತು, ಮತ್ತೆ ಕೂತಿತು.

ಶಾಂಭವಿ ಅದನ್ನು ಕಂಡಳು. ಅಡುಗೆಮನೆಯ ಬಾಗಿಲಿಗೆ ಹೋಗಿ ಮೆತ್ತಗೆ ಕೇಳಿದಳು:

“ಅತ್ತೆ, ಅಮ್ಮ ಒಳಗೆ ಬರಬಹುದಾ?”

ಒಳಗೆ ಹಾಲಿನ ಪಾತ್ರೆ ಇಳಿಸಿದ ಸದ್ದಾಯಿತು. “ಬರ್ಲಿ ಮಗ, ಅದುಕ್ಕೇನು,” ಅಂದಳು ಪುಷ್ಪಾ.

“ಬ್ಯಾಡ ಬುಡು ಪುಷ್ಪಾ,” ಅಂದಳು ಉಷಾರಾಣಿ. “ಇಲ್ಲೇ ಕೂತ್ಕತೀವಿ. ಬಾ ಮಗ, ತಲೆ ಬಾಚ್ತೀನಿ. ಯಾಕೋ ಬೈತಲೆ ಓರೆಯಾಗೈತೆ.”

ಬೈತಲೆ ಓರೆಯಾಗಿರಲಿಲ್ಲ. ಶಾಂಭವಿ ಬಾಚಣಿಗೆ ತಂದುಕೊಟ್ಟು ಅಮ್ಮನ ಕಾಲುಗಳ ನಡುವೆ ನೆಲದ ಮೇಲೆ ಕೂತಳು. ಉಷಾರಾಣಿ ರಿಬ್ಬನ್ನು ಬಿಚ್ಚಿ, ಜಡೆಯ ಎಳೆ ಒಂದೊಂದೇ ಬಿಡಿಸಿ, ಬೆರಳಲ್ಲೇ ಸಿಕ್ಕು ಬಿಡಿಸಿದಳು. ನೆತ್ತಿಗೆ ಬೇರೆ ಯಾವುದೋ ಎಣ್ಣೆಯ ವಾಸನೆ. ನಿಧಾನವಾಗಿ ಬಾಚಿ, ಎರಡು ಪಾಲು ಮಾಡಿ, ಹೆಣೆದಳು. ಹೆಣೆದು ಮುಗಿಯಿತು.

“ಸರಿಯಾಗ್ಲಿಲ್ಲ,” ಅಂದು ಮತ್ತೆ ಬಿಚ್ಚಿದಳು.

ಪುಷ್ಪಾ ಕಾಫಿ ಇಟ್ಟು ಹೋದಳು. ಬೀದಿಯಲ್ಲಿ ಭೇರ್ಯದ ಕಡೆಯ ಬಸ್ಸೊಂದು ಹಾರ್ನ್ ಮಾಡುತ್ತ ಹೋಯಿತು. ಸಂಜೆಯ ಬಿಸಿಲು ಪಡಸಾಲೆಯ ನೆಲದ ಮೇಲೆ ಬಾಗಿಲಿನ ಕಡೆಗೆ ಸರಿಯುತ್ತಿತ್ತು. ಮಗು ಬೆನ್ನನ್ನು ಅವಳ ಮೊಣಕಾಲಿಗೆ ಒ‌ತ್ತಿಕೊಂಡು ಅಲುಗಾಡದೆ ಕೂತಿತ್ತು. ಎರಡನೇ ಸಲವೂ ಹೆಣೆದು ಮುಗಿದಾಗ ಉಷಾರಾಣಿ ಮತ್ತೆ ರಿಬ್ಬನ್ನಿನ ತುದಿ ಎಳೆದಳು. ಶಾಂಭವಿ ಬಾಚಣಿಗೆಯನ್ನು ತಾನೇ ಎತ್ತಿ ಹಿಂದಕ್ಕೆ ಕೊಟ್ಟಳು.